ಬಿದ್ದವಳ ಸುತ್ತ ನಿಂತವರು

ಅವರೆಕಾಯಿಯ ಕಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಬೇರೆ ಯಾವ ಕೆಲಸವೂ ಸಾಗುವುದಿಲ್ಲ. ಟಿವಿ ನೋಡುವವರು, ಫೋನಿನಲ್ಲಿ ಮಾತಾಡುವವರು, ಜಗಳ ಕಾಯುವವರು, ಎಲ್ಲರೂ ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕುತ್ತಲೇ ತಮ್ಮ ತಮ್ಮ ಕಾರ್ಯ ನಡೆಸುತ್ತಾರೆ. ಅಂಥದೊಂದು ಭಾನುವಾರ ನಾನು ಹಿತಕಿದ ಬೇಳೆ ಸಾರು ಮಾಡಿ, ಡಬ್ಬಿಗೆ ತುಂಬಿ, ಶಿಡ್ಲಘಟ್ಟದಲ್ಲಿರುವ ತಂಗಿಗೆ ಕೊಟ್ಟು ಬರೋಣವೆಂದು ಚಿಂತಾಮಣಿಯಿಂದ ಸ್ಕೂಟರಿನಲ್ಲಿ ಹೊರಟೆ. ಶಿಡ್ಲಘಟ್ಟ ಇನ್ನೇನು ಸಿಕ್ಕಿತು ಅನ್ನುವಾಗ ಒಂದು ನಾಯಿ ಅಡ್ಡ ಬಂತು. ನಾಯಿ ಉಳಿಯಿತು, ಸಾರು ರಸ್ತೆಯ ಪಾಲಾಯಿತು, ನಾನು ಸಾರಿನ ಪಕ್ಕದಲ್ಲಿ ಅಂಗಾತ ಬಿದ್ದಿದ್ದೆ.

ನೀವು ಎಂದಾದರೂ ನಡುರಸ್ತೆಯಲ್ಲಿ ಮಲಗಿ ಜನರನ್ನು ನೋಡಿದ್ದೀರಾ? ನೋಡದಿದ್ದರೆ ಒಳ್ಳೆಯದೇ. ಆದರೆ ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಮಕ್ಕಳೆದುರು ನಿಂತೇ ಮಾತಾಡಿದ ನನ್ನಂಥವಳಿಗೆ, ಲೋಕವೆಲ್ಲ ಎದ್ದು ನಿಂತು ತಾನೊಬ್ಬಳೇ ಮಲಗಿರುವ ಆ ನೋಟ ಹೊಸದಾಗಿತ್ತು. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ನೋವು ಎಷ್ಟಿತ್ತೆಂದರೆ ಕೂಗುವುದಕ್ಕೂ ಅದು ಜಾಗ ಬಿಟ್ಟಿರಲಿಲ್ಲ.

ಜನ ಸೇರಿದರು. ಈಗಿನ ಜನಕ್ಕೆ ಕರುಣೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಷ್ಟೊಂದು ಮರುಕವನ್ನು ಒಂದೇ ಕಡೆ ನಾನು ಹಿಂದೆಂದೂ ಕಂಡಿರಲಿಲ್ಲ. ಒಬ್ಬ ಹೆಂಗಸು ತೆಲುಗಿನಲ್ಲಿ "ಅಯ್ಯೋ ಪಾಪಂ" ಎಂದು ಕಣ್ಣೊರೆಸಿಕೊಂಡಳು. ದಪ್ಪ ಮೀಸೆಯವರೊಬ್ಬರು "ನೀರು ಕೊಡ್ರಪ್ಪ" ಅಂದರು. ಪಕ್ಕದವರು "ನೀರು ಕೊಡಬಾರದು, ಆಪರೇಷನ್ ಆಗೋದಾದ್ರೆ ತೊಂದರೆ" ಅಂದರು. ಈ ವಿಷಯದಲ್ಲಿ ಇಬ್ಬರಿಗೂ ಸ್ವಲ್ಪ ಮಾತು ಬೆಳೆಯಿತು. ಇಬ್ಬರ ಕೈಯಲ್ಲೂ ನೀರಿರಲಿಲ್ಲ.

"ಮುಟ್ಟಬೇಡ್ರಿ, ಆಮೇಲೆ ಪೊಲೀಸ್ ಸ್ಟೇಷನ್ನಿಗೆ ತಿರುಗಬೇಕಾಗ್ತದೆ" ಎಂದಿತು ಹಿಂದಿನ ಒಂದು ದನಿ.

"ಆಂಬುಲೆನ್ಸಿಗೆ ಯಾರೋ ಆಗಲೇ ಫೋನ್ ಮಾಡವ್ರೆ" ಎಂದಿತು ಇನ್ನೊಂದು.

ಈ 'ಯಾರೋ' ಎಂಬ ಪುಣ್ಯಾತ್ಮನನ್ನು ನಾನು ಆಮೇಲೆ ಬಹಳ ಹುಡುಕಿಸಿದೆ. ಅವನಿರಲಿಲ್ಲ. ಎಲ್ಲರ ಕೈಯಲ್ಲೂ ಫೋನಿತ್ತು, ಎಲ್ಲರಿಗೂ ಅವನ ಮೇಲೆ ಭರವಸೆಯಿತ್ತು, ಹಾಗಾಗಿ ಯಾರೂ ಫೋನು ಮಾಡಿರಲಿಲ್ಲ.

ಮಲಗಿದ್ದವಳಿಗೆ ಒಂದು ಸಂಗತಿ ಚೆನ್ನಾಗಿ ಕಾಣುತ್ತಿತ್ತು. ಬಂದವರು ನನ್ನನ್ನು ನೋಡುತ್ತಿದ್ದುದು ಕ್ಷಣಹೊತ್ತು ಮಾತ್ರ; ಆಮೇಲೆ ಅವರು ನೋಡುತ್ತಿದ್ದುದು ಒಬ್ಬರ ಮುಖವನ್ನು ಇನ್ನೊಬ್ಬರು. ಪಕ್ಕದವನು ಸುಮ್ಮನಿದ್ದಾನೆ, ಹಾಗಿದ್ದರೆ ಅಂಥದ್ದೇನೂ ಆಗಿರಲಾರದು ಎಂದು ಇವನು. ಇವನು ಸುಮ್ಮನಿದ್ದಾನೆಂದು ಪಕ್ಕದವನು. ಹೀಗೆ ಒಬ್ಬರ ನೆಮ್ಮದಿಯನ್ನು ಒಬ್ಬರು ಸಾಲ ಪಡೆದು ಎಲ್ಲರೂ ನೆಮ್ಮದಿಯಾಗಿದ್ದರು. ಒಬ್ಬನೇ ಬಂದಿದ್ದರೆ ಓಡಿ ಬಂದು ಎತ್ತುತ್ತಿದ್ದನೋ ಏನೋ. ಇಷ್ಟು ಜನ ಒಳ್ಳೆಯವರು ಒಟ್ಟಿಗೆ ಸಿಕ್ಕಿದ್ದೇ ನನ್ನ ಗ್ರಹಚಾರ.

ನನ್ನ ತರಗತಿಯ ನೆನಪಾಯಿತು. "ಯಾರಾದರೂ ಬೋರ್ಡ್ ಒರೆಸಿ" ಎಂದರೆ ಅರವತ್ತು ಮಕ್ಕಳಲ್ಲಿ ಒಬ್ಬರೂ ಏಳುವುದಿಲ್ಲ. ಹೆಸರು ಹಿಡಿದು ಕರೆದರೆ ಆ ಮಗು ಓಡಿ ಬರುತ್ತದೆ. ಇಲ್ಲಿ ನನಗೆ ಯಾರ ಹೆಸರೂ ಗೊತ್ತಿರಲಿಲ್ಲ. ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು, ಶಾಲೆಯ ದನಿಯಲ್ಲೇ ಹೇಳಿದೆ: "ನೀಲಿ ಶರಟು ಹಾಕಿರೋರೇ. ನೀವೇ ಅಪ್ಪ. ಬನ್ನಿ ಇಲ್ಲಿ. ನನ್ನ ಎತ್ತಿ ಆಸ್ಪತ್ರೆಗೆ ಸೇರಿಸಿ."

ನೀಲಿ ಶರಟಿನವರು ತಮ್ಮ ಹಿಂದೆ ತಿರುಗಿ ನೋಡಿದರು. ಹಿಂದೆ ಇನ್ನೊಂದು ನೀಲಿ ಶರಟು ಇರಲಿಲ್ಲ. ಬೇರೆ ದಾರಿ ಕಾಣದೆ ಬಂದು ಬಗ್ಗಿದರು. ಅವರು ಬಗ್ಗಿದ್ದೇ ತಡ, ಎಲ್ಲಿದ್ದವೋ ಅಷ್ಟು ಕೈಗಳು. ಮೀಸೆಯವರು ತಲೆಗೆ ಕೈಕೊಟ್ಟರು, ತೆಲುಗಿನ ಹೆಂಗಸು ತನ್ನ ಟವೆಲನ್ನು ಕಾಲಿಗೆ ಸುತ್ತಿದಳು. ಪೊಲೀಸರ ಭಯವಿದ್ದವನೇ "ಮೆತ್ತಗೆ, ಮೆತ್ತಗೆ ಕಣ್ರೋ" ಎಂದು ಮೇಲ್ವಿಚಾರಣೆ ವಹಿಸಿಕೊಂಡ.

ನೀಲಿ ಶರಟಿನವರ ಹೆಸರು ಮುನಿರಾಜು, ಕೆಂಚಾರ್ಲಹಳ್ಳಿಯವರು. ಡ್ರೈವರ್ ಸಮೇತ ಬಾಡಿಗೆಗೆ ಹಿಡಿದ ಲಗೇಜ್ ಆಟೋದಲ್ಲಿ ರೇಷ್ಮೆಗೂಡಿನ ಚೀಲಗಳನ್ನು ತುಂಬಿಕೊಂಡು ಮಾರುಕಟ್ಟೆಗೆ ಹೊರಟಿದ್ದವರು. ಆ ಚೀಲಗಳ ಮೇಲೆಯೇ ನನ್ನನ್ನು ಮಲಗಿಸಿದರು. ಬೆನ್ನಡಿಯಲ್ಲಿ ಗೂಡುಗಳು ಕರಕರ ಎನ್ನುತ್ತಿದ್ದವು. "ನಿಮ್ಮ ಗೂಡು ಹಾಳಾಗ್ತದಲ್ಲಪ್ಪ, ಹರಾಜಿಗೆ ಹೊತ್ತಾಗ್ತದಲ್ಲ" ಅಂದೆ. "ಸುಮ್ನಿರಿ ಮೇಡಂ, ಈಗ ಅದರ ಮಾತೇನು" ಎಂದು ಅವರು ನನ್ನ ತಲೆಯನ್ನು ಅಲುಗಾಡದಂತೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಡಾಕ್ಟರು ಅವರನ್ನೇ ನನ್ನ ತಮ್ಮನೆಂದು ತಿಳಿದು, "ಪಾದಕ್ಕೆ ರಕ್ತ ಹೋಗ್ತಿರಲಿಲ್ಲ. ಇನ್ನೂ ತಡ ಮಾಡಿದ್ರೆ ಪಾದ ಉಳೀತಿರಲಿಲ್ಲ" ಎಂದರಂತೆ. ತಂಗಿ ಬರುವವರೆಗೂ ಮುನಿರಾಜು ಅಲ್ಲೇ ಇದ್ದರು. ಅಂದಿನ ಹರಾಜು ಮುಗಿದೇ ಹೋಯಿತು.

ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಬಂದವರು, ಅವರು ಕರೆತಂದವರು, ಶಿಡ್ಲಘಟ್ಟದಿಂದ ತಂಗಿಯ ಗುರುತು ಹಿಡಿದು ಬಂದವರು, ಇವರಲ್ಲಿ ಒಬ್ಬರಲ್ಲ ಒಬ್ಬರು "ನಾವೇ ಮೇಡಂ ಅವತ್ತು ಎತ್ತಿದ್ದು" ಎನ್ನುತ್ತಿದ್ದರು. ಸುಳ್ಳೇನಲ್ಲ. ಎತ್ತಿದ್ದರು, ಮೊದಲನೆಯವರು ಬಗ್ಗಿದ ಮೇಲೆ. ಕಾಫಿ ಕೊಟ್ಟು ಕಳಿಸಿದೆ.

ಕೊನೆಗೆ ಮುನಿರಾಜುವೂ ಹೆಂಡತಿಯೊಡನೆ ಬಂದರು. ನಾನು ನನ್ನ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ಅವರನ್ನು ಹೊಗಳಲು ತೊಡಗಿದೆ. ಅವರು ಮುಜುಗರಪಟ್ಟು ಅಡ್ಡ ಬಂದರು. "ಹಂಗೆಲ್ಲ ಅನ್ನಬೇಡಿ ಮೇಡಂ. ನಾನೂ ಎಲ್ಲರಂಗೇ ನೋಡ್ತಾ ನಿಂತಿದ್ದೆ. ಇಷ್ಟು ಜನ ಅವ್ರೆ, ಯಾರಾದ್ರೂ ನೋಡ್ಕೊತಾರೆ ಅಂತ ಹೊರಟೂ ಬಿಟ್ಟಿದ್ದೆ. ಅಷ್ಟರಲ್ಲಿ ನೀವು ಕರೆದ್ರಿ." ಆಮೇಲೆ ಕೇಳಿದರು: "ಅಷ್ಟು ಜನದಲ್ಲಿ ನನ್ನನ್ನೇ ಯಾಕೆ ಕರೆದ್ರಿ?"

ನಿಮ್ಮ ಕಣ್ಣಲ್ಲಿ ದಯೆ ಕಂಡಿತು ಎನ್ನಬಹುದಿತ್ತು. ಅವರ ಹೆಂಡತಿಯ ಮುಖ ಅಂಥದೇ ಒಂದು ಮಾತಿಗೆ ಕಾಯುತ್ತಿತ್ತು. ಆದರೆ ಅಷ್ಟು ನೇರವಾಗಿ ಮಾತಾಡಿದವರಿಗೆ ಅಲಂಕಾರ ಕಟ್ಟಿ ಹೇಳಲು ನಾಲಗೆ ಏಳಲಿಲ್ಲ.

"ನಿಮ್ಮ ನೆರಳು ನನ್ನ ಮುಖದ ಮೇಲಿತ್ತು" ಅಂದೆ. "ನೀವು ಹೊರಟ್ರಿ, ಬಿಸಿಲು ಕಣ್ಣಿಗೆ ಹೊಡೀತು. ಅದಕ್ಕೇ ಕರೆದೆ."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುನಿರಾಜುವೂ ನಕ್ಕರು. ನಗು ಮುಗಿದ ಮೇಲೆ ಅವರು ತಮಗೇ ಹೇಳಿಕೊಳ್ಳುವಂತೆ ಅಂದರು: "ಹಂಗಾದ್ರೆ ನಾನು ಒಂದು ಮಾರು ಆಚೆ ನಿಂತಿದ್ದಿದ್ರೆ?"

ನಾನು ಹೊದಿಕೆಯ ಒಳಗೆ ಬಲಗಾಲಿನ ಹೆಬ್ಬೆರಳನ್ನು ಮೆಲ್ಲಗೆ ಅಲುಗಿಸಿ ನೋಡಿದೆ. ಅಲುಗಿತು.