ಜ್ವರದ ದಿನ ಹೂ ಕಟ್ಟಿದವರು

ಇಂಥ ವಿಷಯಗಳನ್ನು ನಾನು ನಂಬುತ್ತಿರಲಿಲ್ಲ. ದೇವರನ್ನು ನಂಬುತ್ತೇನೆ, ಅದು ಬೇರೆ. ಸಂಜೆ ಜಪಸರದ ಪ್ರಾರ್ಥನೆ ಆಗದೆ ನಮ್ಮ ಮನೆಯಲ್ಲಿ ಊಟದ ತಟ್ಟೆ ಇಡುವುದಿಲ್ಲ. ಆದರೆ ಯಾರಾದರೂ ಬಂದು ನನಗೆ ಹೀಗೆ ಕಂಡಿತು, ಹಾಗೆ ಕೇಳಿಸಿತು ಎಂದರೆ ನನಗೆ ನಗು ಬರುತ್ತಿತ್ತು. ಗೋಡೆಯ ಮೇಲಿನ, ಚರ್ಚಿನಲ್ಲಿ ಕೊಟ್ಟ ಮಾತೆಯ ಚಿತ್ರ ತನ್ನನ್ನು ನೋಡಿ ಕಣ್ಣು ಮಿಟುಕಿಸಿತು ಎಂದು ನನ್ನ ಅಮ್ಮನ ತಂಗಿ ಒಮ್ಮೆ ಅತ್ತಾಗ, "ಮಾವ್ಶಿ, ಮೊದಲು ಕನ್ನಡಕ ಒರೆಸಿಕೊ" ಎಂದವಳು ನಾನು. ಅವಳು ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೂ ಬೇಸರವಿಲ್ಲ. ನಗುವವರ ಸಾಲಿನಲ್ಲಿ ನಾನೂ ಇದ್ದವಳೇ.

ನಡೆದದ್ದು ರಾತ್ರಿಯಲ್ಲ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಬೆಳಿಗ್ಗೆ, ಬಿಸಿಲು ಜಗಲಿಗೆ ಬರುವ ಹೊತ್ತು.

ನಮ್ಮ ಮನೆ ಕಾಪುವಿನಿಂದ ಒಳಗೆ, ಮಲ್ಲಿಗೆ ಬೆಳೆಯುವ ಊರಿನಲ್ಲಿ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಹತ್ತು ಗಂಟೆಯೊಳಗೆ ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ ಕೊಟ್ಟುಬಿಡಬೇಕು. ನಾಲ್ಕು ಚೆಂಡಾದರೆ ಒಂದು ಅಟ್ಟೆ. ನಮಗೆ ಸೌಖ್ಯವಿಲ್ಲ ಎಂದು ಮೊಗ್ಗು ಅರಳದೆ ಕಾಯುವುದಿಲ್ಲ. ನನ್ನ ತವರು ಕಾರ್ಕಳದ ಕಡೆ. ಮದುವೆಯಾಗಿ ಬಂದಾಗ ನನಗೆ ಎರಡು ಹೂ ಸೇರಿಸಿ ಗಂಟು ಹಾಕಲೂ ಬರುತ್ತಿರಲಿಲ್ಲ. ಕಲಿಸಿದವರು ಪಕ್ಕದ ಮನೆಯ ಕಲ್ಯಾಣಕ್ಕ. ಅವರು ಎಡಗೈಯವರು. ನನ್ನೆದುರು ಕೂತು ಅವರು ಎಡಗೈಯಲ್ಲಿ ಕಟ್ಟುವುದು, ನಾನು ಕನ್ನಡಿ ನೋಡಿದ ಹಾಗೆ ಬಲಗೈಯಲ್ಲಿ ಕಟ್ಟುವುದು. ಹಾಗಾಗಿ ನನ್ನ ಗಂಟುಗಳು ಒಂದು ಬದಿಗೆ ಮಲಗಿದರೆ ಅವರದ್ದು ಇನ್ನೊಂದು ಬದಿಗೆ. ಎಡಗೈಯಲ್ಲಿ ಕಟ್ಟಿದ್ದು ದೇವರಿಗೆ ಆಗುತ್ತದಾ ಎಂದು ಅವರ ಅತ್ತೆ ಬಯ್ಯುತ್ತಿದ್ದರಂತೆ. "ಹೂವಿಗೆ ಎಡ ಬಲ ಉಂಟಾ ಬಾಯಮ್ಮ? ಮುಡಿಯುವವಳಿಗೆ ವಾಸನೆ ಬಂದರೆ ಸಾಕಲ್ಲ" ಎಂದು ಹೇಳಿ ಅವರು ನಗುತ್ತಿದ್ದರು. ನಮ್ಮಂಥ ಕ್ರಿಸ್ತಾಂವ್ ಹೆಂಗಸರನ್ನು ಊರಿನವರು ಬಾಯಮ್ಮ ಎಂದು ಕರೆಯುವುದು.

ನಾನು ಹೇಳುವ ಆ ಮೇ ತಿಂಗಳಿಗೆ ಎರಡು ವರ್ಷ ಮೊದಲೇ ಕಲ್ಯಾಣಕ್ಕನಿಗೆ ಪಾರ್ಶ್ವವಾಯು ಬಡಿದಿತ್ತು. ಎಡಗೈ ಎಡಗಾಲು ಎರಡೂ ಬಿದ್ದುಹೋಗಿ, ಮಾತೂ ನಿಂತಿತ್ತು. ಮಗಳು ಸುಜಾತಾ ಅವರನ್ನು ಹತ್ತು ಮೈಲಿ ಆಚೆ ಸಂತೆಕಟ್ಟೆಯ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಪಕ್ಕದ ಮನೆಗೆ ಬೀಗ.

ಗಿಡದ ಬುಡಕ್ಕೆ ಹಾಕಲು ತರಗೆಲೆ ಬೇಕೆಂದು ನಾನು ತವರಿಗೆ ಹೋಗಿ, ಅಣ್ಣನ ಮನೆ ಹಿಂದಿನ ಕಾಡಿನಂಥ ಹಾಡಿಯಲ್ಲಿ ಗುಡಿಸಿ ನಾಲ್ಕು ಗೋಣಿ ತುಂಬಿಸಿ ತಂದೆ. ಮಾರನೆಯ ದಿನ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ಏನೋ ಗಂಟಿನ ಹಾಗೆ ಕೈಗೆ ಸಿಕ್ಕಿತು. ನೋಡಿದರೆ ಉಣ್ಣಿ, ರಕ್ತ ಕುಡಿದು ಉಬ್ಬಿ ಕೂತಿದೆ. ಚಿಮಣಿ ಎಣ್ಣೆ ಹಾಕಿ, ಉಗುರಿನಲ್ಲಿ ಚಿವುಟಿ ಎಳೆದು ಬಿಸಾಡಿ, ಸುಣ್ಣ ಹಚ್ಚಿದೆ. ಹಾಗೆ ಚಿವುಟಬಾರದು ಎಂದು ಆಮೇಲೆ ಗೊತ್ತಾಯಿತು. ದನದ ಹಟ್ಟಿಯಲ್ಲಿ ಬೆಳೆದ ನಮಗೆ ಉಣ್ಣಿ ಹೊಸತಲ್ಲ. ಅದಕ್ಕಾಗಿ ಯಾರೂ ಆಸ್ಪತ್ರೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ವಾರ ಕಳೆದ ಮೇಲೆ ಜ್ವರ ಬಂತು. ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ತಲೆನೋವು. ಕಚ್ಚಿದ ಜಾಗ ಬೀಡಿಯಲ್ಲಿ ಸುಟ್ಟ ಹಾಗೆ ಕಪ್ಪಾಗಿ ಕೂತಿತ್ತು. ನಾಲ್ಕನೆಯ ದಿನ ಮುಂಗೈಯಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಎದ್ದವು. ನಮ್ಮವರು ವಯರಿಂಗ್ ಕೆಲಸ ಮಾಡುವವರು, ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ದಿನಾ ಹೇಳುತ್ತಿದ್ದರು, "ಒಮ್ಮೆ ಮಣಿಪಾಲಕ್ಕೆ ಹೋಗಿ ತೋರಿಸಿ ಬಾ ಮಾರಾಯ್ತಿ. ಅವರೆಂತ ನಿನ್ನನ್ನು ತಿಂತಾರಾ?"

ನಾನು ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಆ ಮದ್ದಿನದ್ದೇ ಹೆದರಿಕೆ. ಹಿಂದೊಮ್ಮೆ ಹಲ್ಲುನೋವಿಗೆ ಕೊಟ್ಟ ಆ್ಯಂಟಿಬಯೋಟಿಕ್‌ನಿಂದ ಬಾಯೆಲ್ಲ ಹುಣ್ಣಾಗಿ, ಹೊಟ್ಟೆ ಉರಿದು, ಎಂಟು ದಿನ ಗಂಜಿತಿಳಿಯಲ್ಲೇ ಇದ್ದವಳು. ಆಗ ಅರ್ಧಕ್ಕೆ ಬಿಟ್ಟ ಮಾತ್ರೆಗಳು ಕಪಾಟಿನಲ್ಲಿ ಇನ್ನೂ ಇದ್ದವು. ಆಸ್ಪತ್ರೆಗೆ ಹೋದರೂ ಇದನ್ನೇ ಕೊಡುವುದಲ್ವಾ, ಬೇಕೇ ಬೇಕೆಂದಾದರೆ ಮನೆಯಲ್ಲೇ ಎರಡು ನುಂಗಿದರಾಯಿತು ಎಂದು ನನ್ನ ಬುದ್ಧಿವಂತಿಕೆ. ಮತ್ತೆ ಮಾರನೆಯ ದಿನದ ಹೂವಿನ ಮಾತು ಬೇರೆ. ಎರ್ಮಾಳಿನ ಒಂದು ಮನೆಯ ಮದುಮಗಳ ಜಡೆಗೆ ಒಂದು ಅಟ್ಟೆ ಕೊಡುತ್ತೇನೆಂದು ತಿಂಗಳ ಮೊದಲೇ ಒಪ್ಪಿದ್ದೆ. ಮದುವೆಯ ದಿನ ಮದುಮಗಳನ್ನು ಬರಿತಲೆಯಲ್ಲಿ ಕೂರಿಸಲು ಆಗುತ್ತದಾ?

ಐದನೆಯ ದಿನ ಹೇಗೋ ಮೊಗ್ಗು ಕೊಯ್ದೆ. ನಮ್ಮವರು ಹೊರಡುವಾಗ ನಗುಮುಖ ಮಾಡಿ ಕಳಿಸಿದೆ, ಅದೊಂದು ಸುಳ್ಳು. ಜಗಲಿಯಲ್ಲಿ ಕಂಬಕ್ಕೆ ಒರಗಿ, ಬುಟ್ಟಿ ಮುಂದಿಟ್ಟುಕೊಂಡು ಕಟ್ಟಲು ಕೂತೆ. ಒಂದು ಚೆಂಡು ಮುಗಿಯುವಾಗ ಚಳಿ ಹಿಡಿಯಿತು. ಮೇ ತಿಂಗಳ ಸೆಕೆಯಲ್ಲಿ ಹಲ್ಲು ಕಟಕಟ ಅನ್ನುತ್ತಿದೆ, ಬೆರಳಿಗೆ ನಾರು ಸಿಗುತ್ತಿಲ್ಲ. ಬುಟ್ಟಿಯಲ್ಲಿ ಇನ್ನೂ ಮೂರು ಚೆಂಡಿನ ಮೊಗ್ಗು ಬಿದ್ದಿತ್ತು. ಆಗ ನಾನು ಗಟ್ಟಿಯಾಗಿಯೇ ಹೇಳಿದೆ, "ದೇವರೇ, ನಾನು ಆಸ್ಪತ್ರೆಗೆ ಹೋಗಲೇಬೇಕೆಂದು ನಿನಗಿದ್ದರೆ ಈ ಕೆಲಸವನ್ನು ನನ್ನ ಕೈಯಿಂದ ತೆಗೆ. ಇಲ್ಲದಿದ್ದರೆ ನನ್ನನ್ನು ಸುಮ್ಮನೆ ಬಿಡು." ಪ್ರಾರ್ಥನೆ ಎಂದರೆ ಪ್ರಾರ್ಥನೆ, ಗೊಣಗಾಟ ಎಂದರೆ ಗೊಣಗಾಟ. ಒಳಗಿನ ಗಡಿಯಾರದಲ್ಲಿ ಎಂಟೂವರೆ ಆಗಿತ್ತು. ಕಂಬಕ್ಕೆ ತಲೆ ಆನಿಸಿದ್ದು ನೆನಪುಂಟು. ಅಲ್ಲಿಂದ ಮುಂದೆ ನನಗೆ ಏನೂ ಗೊತ್ತಿಲ್ಲ. ಕನಸೂ ಬೀಳಲಿಲ್ಲ.

ಎಚ್ಚರವಾದದ್ದು ಸ್ಕೂಟರಿನ ಹಾರ್ನಿಗೆ. ಹೂ ಒಯ್ಯುವ ಸದಾನಂದಣ್ಣ ಗೇಟಿನ ಚಿಲಕ ತೆಗೆದು ಒಳಗೆ ಬರುತ್ತಿದ್ದರು. ಹತ್ತಕ್ಕೆ ಐದು ನಿಮಿಷವಿತ್ತು. ಅಯ್ಯೋ, ಮದುಮಗಳ ಹೂ ಎಂದು ಬುಟ್ಟಿಗೆ ಕೈ ಹಾಕಿದೆ. ಬುಟ್ಟಿ ಖಾಲಿ. ಪಕ್ಕದಲ್ಲಿ ಹಾಸಿದ್ದ ಬಾಳೆಲೆಯ ಮೇಲೆ ನಾಲ್ಕು ಚೆಂಡು, ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು.

ಸದಾನಂದಣ್ಣ ಬಟ್ಟೆ ಸರಿಸಿ ಒಂದೊಂದಾಗಿ ಎತ್ತಿ ನೋಡಿದರು. "ಎಂತ ಬಾಯಮ್ಮ, ಕಲ್ಯಾಣಕ್ಕ ಬಂದಿದ್ದಾರಾ? ಕೈ ಸರಿಯಾಯಿತಾ?"

"ಇಲ್ಲವಲ್ಲ. ಯಾಕೆ?"

"ಮತ್ತೆ ಇದು ಯಾರ ಕೈ? ಹೂ ಒಯ್ದು ಒಯ್ದೇ ನನ್ನ ತಲೆ ಹಣ್ಣಾಯಿತು, ನನಗೆ ಗೊತ್ತಾಗುವುದಿಲ್ವಾ? ಇದೊಂದು ನಿಮ್ಮದು. ಈ ಮೂರು ಅವರದ್ದು. ಎಡಗೈ ಗಂಟು ಈ ಊರಲ್ಲಿ ಒಬ್ಬರದ್ದೇ ಇರುವುದು."

ನಾನೂ ಎತ್ತಿ ನೋಡಿದೆ. ಗಂಟುಗಳೆಲ್ಲ ಆ ಬದಿಗೆ ಮಲಗಿದ್ದವು, ಬಿಗಿಯಾಗಿ, ಒಂದರ ಪಕ್ಕ ಒಂದು. ಒಂದೂವರೆ ಗಂಟೆಯಲ್ಲಿ ಮೂರು ಚೆಂಡು ಕಟ್ಟುವುದು ನನ್ನಿಂದ ಸೌಖ್ಯವಿದ್ದಾಗಲೂ ಆಗದು. ಕಲ್ಯಾಣಕ್ಕನಿಂದ ಆಗುತ್ತಿತ್ತು.

ಆಗಲೇ ಅವರು ನನ್ನ ಮುಖ ನೋಡಿದ್ದು. "ನಿಮ್ಮ ಕಣ್ಣು ಎಂತ ಹೀಗೆ ಕೆಂಡದ ಹಾಗೆ? ಜ್ವರವಾ? ಹೂವಿನ ಕೆಲಸ ಮುಗಿಯಿತಲ್ಲ, ಇನ್ನೆಂತ ಕಾಯುವುದು? ಹೋಗಿ ಡಾಕ್ಟರಿಗೆ ತೋರಿಸಿ ಮಾರಾಯ್ರೆ!"

ನನ್ನ ಪ್ರಾರ್ಥನೆ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿ, ನಮ್ಮವರಿಗೆ ಫೋನ್ ಮಾಡಿದೆ. ಸದಾನಂದಣ್ಣನೇ ಒಂದು ರಿಕ್ಷಾ ಕರೆಸಿ ಕೂರಿಸಿದರು. ಆ ಮನುಷ್ಯ ಆ ದಿನ ಐದು ನಿಮಿಷ ಬೇಗ ಬಂದದ್ದೂ ಒಂದು ಉಪಕಾರವೇ.

ಮಣಿಪಾಲದಲ್ಲಿ ನನ್ನನ್ನು ನೋಡಿದ್ದು ನನ್ನ ತಂಗಿಯ ಮಗಳ ಪ್ರಾಯದ ಡಾಕ್ಟರು. ಮುಂಗೈ ನೋಡಿ, ಮೊಣಕಾಲಿನ ಹಿಂದಿನ ಕಪ್ಪು ಕಲೆ ನೋಡಿ, "ಉಣ್ಣಿ ಕಚ್ಚಿತ್ತಾ?" ಎಂದು ನೇರವಾಗಿ ಕೇಳಿದರು. ಮಂಗನ ಕಾಯಿಲೆಯಾ ಎಂದು ನಾನು ಹೆದರಿ ಕೇಳಿದೆ. ಹಾಗೆ ಕಾಣುವುದಿಲ್ಲ, ಅದಕ್ಕೂ ಪರೀಕ್ಷೆ ಮಾಡಿಸುತ್ತೇನೆ, ಇದು ಉಣ್ಣಿಯಿಂದಲೇ ಬರುವ ಇನ್ನೊಂದು ಜ್ವರದ ಹಾಗಿದೆ, ಇದಕ್ಕೆ ಆ್ಯಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದರು. ಉಣ್ಣಿಜ್ವರದ ರಿಪೋರ್ಟ್ ಬರುವವರೆಗೂ ಕಾಯದೆ ಮದ್ದು ಶುರು ಮಾಡಿದರು. ಕೆಲಸದಿಂದ ಓಡಿ ಬಂದ ನಮ್ಮವರು ಕಪಾಟಿನ ಹಳೆ ಮಾತ್ರೆಯ ವಿಷಯ ಹೇಳಿ ನನ್ನ ಮಾನ ಕಳೆದರು. ಡಾಕ್ಟರು ಹೆಸರು ಕೇಳಿ, "ಅದು ಈ ಜ್ವರಕ್ಕೆ ಆಗುವ ಮದ್ದೇ ಅಲ್ಲ ಅಮ್ಮ. ನುಂಗಿ ಮನೆಯಲ್ಲಿ ಮಲಗಿದ್ದರೆ ಎಂತ ಮಾಡುತ್ತಿದ್ದಿರಿ?" ಎಂದರು.

"ನಾಳೆ ಬರುವ ಅಂತ ಇದ್ದೆ" ಎಂದೆ.

"ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯಲು ಶುರುವಾಗಿದೆ. ಇವತ್ತು ಬಂದದ್ದು ಒಳ್ಳೆಯದಾಯಿತು" ಎಂದಷ್ಟೇ ಹೇಳಿದರು. ಊಟದ ಮೇಲೆ ತುಂಬಾ ನೀರು ಕುಡಿದು ತೆಗೆದುಕೊಂಡ ಆ ಮದ್ದು ನಾನು ಹೆದರಿದಷ್ಟು ಹೊಟ್ಟೆ ಉರಿಸಲಿಲ್ಲ. ಮೂರನೆಯ ದಿನ ಜ್ವರ ಬಿಟ್ಟಿತು.

ಆದರೆ ನಾನು ಹೇಳಬೇಕೆಂದಿದ್ದ ಮಾತು ಇನ್ನೂ ಉಂಟು. ಆಸ್ಪತ್ರೆಗೆ ಸೇರಿದ ದಿನವೇ ಸಂಜೆ ಸುಜಾತಾಳ ಫೋನ್ ಬಂತು. ನನಗೆ ಜ್ವರ ಎಂದು ಅವಳಿಗೆ ಗೊತ್ತಿರಲಿಲ್ಲ. "ಆಂಟಿ, ಒಂದು ವಿಷಯ ಗೊತ್ತುಂಟಾ? ಇವತ್ತು ಅಮ್ಮನ ಎಡಗೈ ಅಲ್ಲಾಡಿತು! ಬೆಳಿಗ್ಗೆ ಗಂಜಿ ಕೊಟ್ಟು ನಾನು ಬಟ್ಟೆ ಒಗೆಯಲು ಹೋಗಿದ್ದೆ. ಬಂದು ನೋಡುವಾಗ ಹೊದಿಕೆಯ ಮೇಲೆ ಬೆರಳು ಹೀಗೆ ಹೀಗೆ ಆಡಿಸ್ತಾ ಇದ್ದಾರೆ, ಹೂ ಕಟ್ಟುವ ಹಾಗೆ. ಒಂದು ಗಂಟೆಯ ಮೇಲೆ ಆಡಿಸಿದರು. ಹತ್ತು ಗಂಟೆ ಹೊತ್ತಿಗೆ ನಿಂತಿತು." "ಹತ್ತು ಗಂಟೆಗಾ?" ಎಂದು ನಾನು ಎರಡೆರಡು ಸಲ ಕೇಳಿದೆ. ನಮ್ಮವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ನನ್ನ ಜ್ವರದ ವಿಷಯ ಅವಳಿಗೆ ಹೇಳಿದರು.

ನೀವು ಹೇಳುವುದನ್ನೆಲ್ಲ ನಾನೇ ನನಗೆ ಹೇಳಿಕೊಂಡು ನೋಡಿದ್ದೇನೆ. ಜ್ವರದ ತಲೆಯಲ್ಲಿ ನೀನೇ ಕಟ್ಟಿರುತ್ತಿ, ಕಲಿಯುವಾಗ ನೋಡಿದ ಕೈ ನಿನ್ನ ಕೈಗೆ ಬಂದಿರಬಹುದು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಇರಬಹುದು. ಗುಣವಾದ ಮೇಲೆ ನಾನು ಎಡಗೈಯಲ್ಲಿ ಕಟ್ಟಲು ಎಷ್ಟೋ ಸಲ ಕೂತೆ. ಹತ್ತು ಹೂ ಆಗುವ ಮೊದಲು ನಾರು ಸಡಿಲಿ ಎಲ್ಲ ಉದುರುತ್ತದೆ. ಬಿದ್ದುಹೋದ ಕೈ ಕೆಲವೊಮ್ಮೆ ತನ್ನಷ್ಟಕ್ಕೆ ಅಲ್ಲಾಡುವುದುಂಟು ಎಂದು ಸುಜಾತಾಳಿಗೆ ಅಲ್ಲಿಯ ಡಾಕ್ಟರು ಹೇಳಿದರಂತೆ. ಅದೂ ಇರಬಹುದು. ಒಂದೊಂದಕ್ಕೆ ಒಂದೊಂದು ಕಾರಣ ಸಿಗುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ನನ್ನ ಬುದ್ಧಿ ಅಲ್ಲಿಗೇ ನಿಲ್ಲುತ್ತದೆ.

ಮದ್ದು ಮುಗಿದು ಮೈಗೆ ಶಕ್ತಿ ಬಂದ ಮೇಲೆ ಸಂತೆಕಟ್ಟೆಗೆ ಹೋದೆ. ಕಲ್ಯಾಣಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಎಡಗೈ ಮೊದಲಿನ ಹಾಗೇ ಮಡಿಲಲ್ಲಿ ಬಿದ್ದಿತ್ತು. ಆ ದಿನದ ಮೇಲೆ ಅದು ಅಲ್ಲಾಡಿದ್ದಿಲ್ಲ, ಇವತ್ತಿನವರೆಗೂ ಇಲ್ಲ. ಸುಜಾತಾ ಚಹಾ ಮಾಡಲು ಒಳಗೆ ಹೋದಾಗ ನಾನು ಅವರ ಕಾಲ ಬುಡದಲ್ಲಿ ಕೂತು ಮೆಲ್ಲಗೆ ಕೇಳಿದೆ, "ಕಲ್ಯಾಣಕ್ಕ, ಅದು ನೀವಾ?"

ನನಗೆ ಜ್ವರ ಬಂದದ್ದನ್ನು ಅವರಿಗೆ ಹೇಳಿಲ್ಲ ಎಂದು ಸುಜಾತಾ ಆಣೆ ಇಟ್ಟು ಹೇಳಿದ್ದಳು, ಸುಮ್ಮನೆ ಹೆದರಿಸುವುದು ಬೇಡ ಎಂದು. ಅವರು ನನ್ನ ಕಡೆ ತಿರುಗಿದರು. ಆಮೇಲೆ ಸರಿ ಇರುವ ಬಲಗೈ ಎತ್ತಿ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟರು. ಮತ್ತೆ ಕೈ ತಿರುಗಿಸಿ, ಬೆರಳ ಹಿಂಬದಿಯನ್ನು ನನ್ನ ಕುತ್ತಿಗೆಗೆ ಒತ್ತಿ ನೋಡಿದರು. ಬಿಸಿ ಇರಲಿಲ್ಲ. ಸರಿ ಎನ್ನುವ ಹಾಗೆ ತಲೆಯಾಡಿಸಿ, ಕಿಟಕಿಯ ಕಡೆ ಮುಖ ತಿರುಗಿಸಿದರು.