ಬೆಳ್ಳಗಾದ ಪ್ಲಗ್

ಇವತ್ತು ಸುಟ್ಟ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ತಾನಾಗಿ ಮುಚ್ಚಿಕೊಂಡಿತು.

ಬೆಂಗೇರಿಯ ನಮ್ಮ ಗ್ಯಾರೇಜಿನಲ್ಲಿ ಅಪ್ಪ ರೇಸಿಗೆ ಹೋಗುವ ಕಾರುಗಳ ಎಂಜಿನ್ ಮಾರ್ಪಡಿಸುತ್ತಿದ್ದರು. ಅಂಥ ಎಂಜಿನ್ನಿಗೆ ಕಾವನ್ನು ಬೇಗ ಹೊರಹಾಕುವ ಸ್ಪಾರ್ಕ್ ಪ್ಲಗ್ ಬೇಕು. ನಾನೊಮ್ಮೆ ಡಬ್ಬಿಯಿಂದ ಮಾಮೂಲಿ ಪ್ಲಗ್ ಆರಿಸಿಕೊಟ್ಟೆ. ಅಪ್ಪ ಗಾಡಿ ಓಡಿಸಿ ಬಂದು ಬಿಚ್ಚಿದಾಗ ಅದರ ತುದಿ ಅತಿಯಾದ ಕಾವಿಗೆ ಸುಣ್ಣದಂತೆ ಬೆಳ್ಳಗಾಗಿತ್ತು.

"ಕೈ ಚಾಚು. ಎಂಜಿನ್ ಎಷ್ಟು ಸುಟ್ಟೈತಿ, ನಿನಗೂ ಗೊತ್ತಾಗ್ಲಿ," ಎನ್ನುತ್ತ ಇಕ್ಕಳದಲ್ಲಿ ಹಿಡಿದ ಪ್ಲಗ್ಗನ್ನು ಅಂಗೈಗೆ ಒತ್ತಿದರು.

"ಇನ್ನ ಮರಿಯಂಗಿಲ್ಲ ಬಿಡ್ರಿ," ಎಂದು ಪಕ್ಕದಲ್ಲಿ ನಿಂತಿದ್ದ ಕಾರಿನ ಮಾಲೀಕ ನಕ್ಕ.

ಖರೇ, ಮರೆಯಲಿಲ್ಲ. ಇವತ್ತು ನನ್ನ ಮಗಳು ಅದೇ ತಪ್ಪು ಮಾಡಿದ್ದಳು. ಬಿಸಿ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು ತಿರುಗಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಹಳೆಯ ಸುಟ್ಟ ಕಲೆಗಳಿದ್ದ ತನ್ನ ಅಂಗೈ ಚಾಚಿದಳು.