ಗಂಡನ ಶೇವಿಂಗ್ ಬ್ರಷ್ಷೂ ಭಟ್ಟರ ಕಿವಿಯೂ

ಶೇವಿಂಗ್ ಬ್ರಷ್ಷು ಬದಲಿಸುವ ಕಾಲ ಬಂತೆಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ನೊರೆಯಲ್ಲಿ ಕೂದಲು, ಟವೆಲಿನಲ್ಲಿ ಕೂದಲು, ಬ್ರಷ್ಷಿನ ನಡುನೆತ್ತಿ ಬೋಳು. ಕಣ್ಣಿದ್ದವರಿಗೆ ಇಷ್ಟು ಸಾಕು, ನನ್ನ ಗಂಡನಿಗೆ ಸಾಲದು. "ಹೊಸತರಲ್ಲಿ ಎಲ್ಲ ಬ್ರಷ್ಷೂ ಸ್ವಲ್ಪ ಉದುರ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಆ 'ಹೊಸತು' ಮನೆಗೆ ಬಂದಾಗ ನಮ್ಮ ಮಗಳು ಅ ಆ ಇ ಈ ತಿದ್ದುತ್ತಿದ್ದಳು. ಈಗ ಅವಳು ಸ್ಕೂಟರ್ ಏರಿ ಕಾಲೇಜಿಗೆ ಹೋಗುತ್ತಾಳೆ.

ಸೂರತ್ತಿನಲ್ಲಿ ನಮ್ಮದು ಕೆಳಗೆ ಉಡುಪಿ ಹೋಟೆಲು, ಮೇಲೆ ಮನೆ. ಬೆಳಿಗ್ಗೆ ಇವರು ಗಡ್ಡ ತೆಗೆದು, ಸ್ನಾನ ಮುಗಿಸಿ, ಡೈ ಹಚ್ಚಿದ ಕಪ್ಪು ಮೀಸೆ ತೀಡುತ್ತಾ ಅಡಿಗೆಮನೆಗೆ ಇಳಿಯುತ್ತಾರೆ. ದೇವರಿಗೆ ಇಡುವ ಮೊದಲು ಏನನ್ನೂ ಬಾಯಿಗೆ ಹಾಕುವಂತಿಲ್ಲ. ಹಾಗಾಗಿ ಉಪ್ಪು ಖಾರವನ್ನು ಮೂಗಿನಲ್ಲೇ ನೋಡುವುದು ಇವರ ಅಪ್ಪನ ಕಾಲದಿಂದ ಬಂದ ಕ್ರಮ. ಚಟ್ನಿಯ ಪಾತ್ರೆಯೊಳಗೆ ಮುಖವನ್ನೇ ಇಳಿಸಿ ಜೋರಾಗಿ ಉಸಿರೆಳೆದು, "ಉಪ್ಪು ಒಂದು ಹರಳು ಕಮ್ಮಿ ಭಟ್ರೆ" ಎಂದು ಅಡಿಗೆ ಭಟ್ಟರಿಗೆ ಹೇಳುತ್ತಾರೆ. ಹೆಚ್ಚಿನ ದಿನ ಅದು ಸರಿಯೇ ಇರುತ್ತದೆ ಅನ್ನಿ!

ಒಂದು ಭಾನುವಾರ ಹೋಟೆಲು ಗಿಜಿಗುಟ್ಟುತ್ತಿತ್ತು. ದಿನವೂ ಬರುವ ಗುಜರಾತಿ ಅಜ್ಜ ಒಬ್ಬರು ಚಟ್ನಿಯಿಂದ ಏನನ್ನೋ ಎತ್ತಿ ಹಿಡಿದು, "ಆ ಶುಂ ಛೆ, ಶೇಠ್?" ಎಂದರು. ಇದೇನು ಎಂದು ನೋಡಿದರೆ ಕೂದಲು! ಇವರು ಅಜ್ಜನಿಗೆ ಕೈಮುಗಿದು, ಕೂದಲನ್ನು ಹಿಡಿದುಕೊಂಡು ಅಡಿಗೆಮನೆಗೆ ನುಗ್ಗಿದರು. ಗಲ್ಲಾದಲ್ಲಿದ್ದ ನಾನೂ ಹಿಂದೆಯೇ ಓಡಿದೆ.

ಅಲ್ಲಿ ಎಲ್ಲರ ತಲೆಗೂ ಟೊಪ್ಪಿ. ಚಟ್ನಿ ಮಾಡಿದ ಭಟ್ಟರ ತಲೆಯಂತೂ ಬೋಳು. ಇವರ ಕಣ್ಣು ಸುತ್ತಿ ಸುತ್ತಿ ಕೊನೆಗೆ ಭಟ್ಟರ ಕಿವಿಯ ಬಿಳಿ ಕೂದಲ ಮೇಲೆ ನಿಂತಿತು.

"ಇದು ನಿಮ್ಮ ಕಿವಿಯದ್ದು!"

ಭಟ್ಟರು ಸೊಂಟಕ್ಕೆ ಟವೆಲಿನಂತೆ ಸುತ್ತಿದ್ದ ಬೈರಾಸು ಬಿಚ್ಚಿದರು. "ನಾನು ಊರಿಗೆ ಹೊರಟೆ ಧಣಿ. ಇಷ್ಟು ವರ್ಷ ಬೈದ್ರಿ, ಕೇಳಿದೆ. ಈಗ ಕಿವಿಗೇ ಬಂದ್ರಲ್ಲ!" ಎಂದು ಮೂಲೆಯ ಕೋಣೆಗೆ ಹೋಗಿ ಚೀಲ ತುಂಬತೊಡಗಿದರು. ನಾನು ಮದುವೆಯಾಗಿ ಬಂದಾಗಿನಿಂದ ಅವರ ಕೈಯ ದೋಸೆಯಿಂದಲೇ ಈ ಹೋಟೆಲು ನಿಂತಿದೆ. ಅವರು ಹೋದರೆ ಉಳಿಯುವುದು ಬರೀ ಮೇಜು ಕುರ್ಚಿ.

"ಕೊಡಿ ಇಲ್ಲಿ" ಎಂದು ಇವರ ಕೈಯಿಂದ ಕೂದಲು ಕಿತ್ತುಕೊಂಡೆ. ದಪ್ಪ, ಬಿಳಿ, ನಡುವೆ ಒಂದು ಕಪ್ಪು ಪಟ್ಟೆ. ಯಾವ ಮನುಷ್ಯರ ಕಿವಿಯಲ್ಲೂ ಇದು ಬೆಳೆಯುವುದಿಲ್ಲ. ಸೂರತ್ತಿನ ಸೀರೆಯ ಹಾಗೆ ಅಪ್ಪಟ ನೈಲಾನು! ಹೊಟ್ಟೆಯಿಂದ ನಗು ಉಕ್ಕಿ ಬಂತು. ಮೆಟ್ಟಿಲು ಹಾರಿ ಹಾರಿ ಹತ್ತಿ, ಬ್ರಷ್ಷು ತಂದು, ಎಲ್ಲರೆದುರು ಒಮ್ಮೆ ಝಾಡಿಸಿದೆ. ಅದೇ ಜಾತಿಯ ಕೂದಲು ನೆಲಕ್ಕೆ ಉದುರಿತು.

"ಇದು ಯಾರ ಕಿವಿ ಮಾರಾಯ್ರೆ?"

ಇವರು ಮೀಸೆ ಮುಟ್ಟಿಕೊಂಡರು. ಸ್ನಾನಕ್ಕೂ ಜಗ್ಗದ ಇನ್ನೊಂದು ಕೂದಲು ಅಲ್ಲೇ ಸಿಕ್ಕಿಕೊಂಡಿತ್ತು. ಅಡಿಗೆಮನೆ ಗೊಳ್ಳೆಂದಿತು. ನಾನು ಅಕ್ಕಿ ಮೂಟೆಯ ಮೇಲೆ ಕುಸಿದು, ಕಣ್ಣೀರು ಒರೆಸಿ ಒರೆಸಿ ನಕ್ಕೆ. ಅಯ್ಯೋ, ಆ ಮುಖ ನೋಡಬೇಕಿತ್ತು!

ಭಟ್ಟರು ಮಾತ್ರ ನಗಲಿಲ್ಲ. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇವರು ಹೋಗಿ ಆ ಚೀಲದ ಹಿಡಿಯನ್ನೇ ಹಿಡಿದುಕೊಂಡರು.

"ತಪ್ಪಾಯ್ತು ಭಟ್ರೆ. ನೀವು ಹೋದ್ರೆ ನಂಗೆ ಬೈಲಿಕ್ಕೆ ಯಾರುಂಟು?"

ಭಟ್ಟರು ಚೀಲ ಕೆಳಗಿಟ್ಟು ಬೈರಾಸು ಬಿಗಿದು ಕಟ್ಟಿಕೊಂಡರು.

"ಬೈಲಿಕ್ಕೆ ದಿನಾ ಬನ್ನಿ ಧಣಿ. ಮೂಸ್ಲಿಕ್ಕೆ ಮಾತ್ರ ಬರ್ಬೇಡಿ."